ಗಂಟಲಿಗಿಂತ ಮೊದಲು ಕಣ್ಣು ಪಳಗಲಿ: ಟಿವಿ ಕಾಮೆಂಟರಿ ಕಲಿಯೋದು ಹೇಗೆ?

2025ರ ಜೂನ್ 3ರ ರಾತ್ರಿ ನೀವೂ ಟಿವಿ ಮುಂದೆ ಕೂತಿದ್ದಿರಿ ಅಲ್ವಾ? ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಕೊನೆಯ ಓವರ್. ಪಂಜಾಬ್ ಕಿಂಗ್ಸ್‌ಗೆ 29 ರನ್ ಬೇಕು. ಕ್ರೀಸಿನಲ್ಲಿ ಶಶಾಂಕ್ ಸಿಂಗ್, ಬೌಲಿಂಗಿಗೆ ನಮ್ಮ ಆರ್‌ಸಿಬಿಯ ಹೇಜಲ್‌ವುಡ್. ಮೊದಲ ಎರಡು ಎಸೆತದಲ್ಲಿ ಒಂದು ರನ್ನೂ ಬರಲಿಲ್ಲ. ಕ್ಯಾಮೆರಾ ಸೀದಾ ಕೊಹ್ಲಿ ಮುಖಕ್ಕೆ ಹೋಯಿತು. ಕಣ್ಣು ತುಂಬಿಕೊಂಡಿದೆ.

ಈಗ ಮೈಕು ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಏನು ಹೇಳುತ್ತೀರಿ?

ಕಲಿಯೋಕೆ ಬಂದ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು "ಕೊಹ್ಲಿ ಕಣ್ಣಲ್ಲಿ ನೀರು, ಹದಿನೆಂಟು ವರ್ಷದ ಕನಸು" ಅಂತ ಶುರು ಮಾಡುತ್ತಾರೆ. ಆದರೆ ಕಣ್ಣೀರು ಎಲ್ಲರಿಗೂ ಕಾಣುತ್ತಿದೆ. ಹದಿನೆಂಟು ವರ್ಷದ ಕಥೆ ಕರ್ನಾಟಕದ ಪ್ರತಿ ಮನೆಗೂ ಗೊತ್ತು. ಆ ಹೊತ್ತಿಗೆ ನೋಡುತ್ತಿರುವವರ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆಯೇ ಬೇರೆ: ಇನ್ನೂ ನಾಲ್ಕು ಚೆಂಡು ಬಾಕಿ ಇದೆ, ಇವರು ಈಗಲೇ ಯಾಕೆ ಅಳುತ್ತಿದ್ದಾರೆ, ಗೆದ್ದಾಯ್ತಾ? ಅದಕ್ಕೆ ಉತ್ತರ ಒಂದು ಸಣ್ಣ ಲೆಕ್ಕ. ನಾಲ್ಕಕ್ಕೆ ನಾಲ್ಕೂ ಸಿಕ್ಸ್ ಹೋದರೂ 24, ಬೇಕಿರೋದು 29. ವೈಡು, ನೋಬಾಲು ಹಾಕದಿದ್ದರೆ ಕಪ್ ಬಂತು. ಇಷ್ಟು ಹೇಳಿ ಬಾಯಿ ಮುಚ್ಚಿದರೆ ಕಣ್ಣೀರಿನ ಅರ್ಥ ತಾನಾಗೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಶಶಾಂಕ್ ಆ ನಾಲ್ಕು ಚೆಂಡಿಗೆ 22 ರನ್ ಚಚ್ಚಿದರು, ಆರ್‌ಸಿಬಿ ಗೆದ್ದದ್ದು 6 ರನ್ನಿನಿಂದ. ಲೆಕ್ಕ ಕಿವಿಗೆ ಬಿದ್ದಿದ್ದವರು ಆ ಸಿಕ್ಸರುಗಳನ್ನು ನಗುತ್ತಾ ನೋಡಿದರು. ಬೀಳದವರು ಉಗುರು ಕಚ್ಚುತ್ತಾ ನೋಡಿದರು.

ನಾನು ತಾಲ್ಲೂಕು, ಜಿಲ್ಲಾ ಮಟ್ಟದ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್‌ಗೆ ವರ್ಷಗಳಿಂದ ವೀಕ್ಷಕ ವಿವರಣೆ ಹೇಳುತ್ತಾ ಬಂದಿದ್ದೇನೆ. ಮೊದಲು ಊರಿನ ಕೇಬಲ್ ಚಾನೆಲ್ಲಿಗೆ, ಈಗ ಜಾಸ್ತಿ ಯೂಟ್ಯೂಬ್ ಲೈವ್‌ಗೆ. "ಸಾರ್, ನನ್ನ ಧ್ವನಿ ಚೆನ್ನಾಗಿದೆ, ನಾನು ಕಾಮೆಂಟೇಟರ್ ಆಗಬಹುದಾ?" ಅಂತ ಕೇಳುವವರು ತುಂಬಾ ಜನ. ಧ್ವನಿಯ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ನಿಮ್ಮ ಕಣ್ಣು ಹೇಗಿದೆ ಅಂತ ನೋಡೋಣ.

ಮೊದಲ ಹೆಜ್ಜೆ: ಸದ್ದು ಆಫ್ ಮಾಡಿ, ಮಾತಾಡಬೇಡಿ

ಒಂದು ಟಿ20 ಪಂದ್ಯ ಹಾಕಿ. ಟಿವಿ ಮ್ಯೂಟ್ ಮಾಡಿ. ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಮೊದಲ ಹತ್ತು ಓವರ್ ಒಂದು ಮಾತೂ ಆಡಬೇಡಿ. ಪ್ರತಿ ಎಸೆತಕ್ಕೂ ಮುಂಚೆ ಫೀಲ್ಡರುಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಗುರುತು ಹಾಕುತ್ತಾ ಹೋಗಿ. ಬೌಲರ್, ಕೀಪರ್ ಬಿಟ್ಟರೆ ಒಂಬತ್ತು ಜನ. ಮೊದಲ ಆರು ಓವರ್ ವೃತ್ತದ ಹೊರಗೆ ಇಬ್ಬರೇ ಇರಬಹುದು, ಆಮೇಲೆ ಐವರು. ಸುಲಭ ಅನ್ನಿಸುತ್ತೆ. ಕೂತು ನೋಡಿ, ಎರಡನೇ ಓವರಿಗೇ ತಪ್ಪಿ ಹೋಗುತ್ತದೆ.

ಯಾಕೆ ಅಂದರೆ ಬೌಲರ್ ಓಡಿ ಬರುವಾಗ ಪರದೆಯ ಮೇಲೆ ಕಾಣೋದು ಪಿಚ್ಚು, ಬೌಲರ್, ಬ್ಯಾಟರ್, ಕೀಪರ್, ಒಬ್ಬ ಅಂಪೈರ್, ಇದ್ದರೆ ಒಂದು ಸ್ಲಿಪ್ಪು. ಉಳಿದ ಮೈದಾನ ಚೌಕಟ್ಟಿನ ಹೊರಗೆ. ಚೆಂಡು ಹೋದ ಮೇಲೆ ಮಾತ್ರ ಅಗಲದ ಶಾಟ್ ಬರುತ್ತದೆ, ಅದೂ ಒಂದೆರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ನಿಮ್ಮ ಕಣ್ಣು ಚೆಂಡಿನ ಹಿಂದೆ ಓಡಬಾರದು. ಚೆಂಡನ್ನು ಎಲ್ಲರೂ ನೋಡುತ್ತಾರೆ. ಡೀಪ್ ಮಿಡ್‌ವಿಕೆಟ್‌ನವನು ಎಷ್ಟು ಹೆಜ್ಜೆ ಒಳಗೆ ಬಂದ, ಥರ್ಡ್ ಮ್ಯಾನ್ ಖಾಲಿ ಬಿಟ್ಟಿದ್ದಾರಾ, ಕ್ಯಾಪ್ಟನ್ ಕೈ ಯಾವ ಕಡೆ ತೋರಿಸಿದರು, ಇದು ನಿಮ್ಮ ಕೆಲಸ. ಕನ್ನಡದ ಕಾಮೆಂಟರಿ ಬಹಳ ಸಲ ಮೈದಾನದಿಂದ ದೂರ, ಸ್ಟುಡಿಯೋದಲ್ಲಿ ಮಾನಿಟರ್ ಮುಂದೆ ಕೂತು ನಡೆಯುತ್ತದೆ. ಅಲ್ಲಿ ಕಿಟಕಿಯಿಂದ ಮೈದಾನ ಕಾಣಲ್ಲ. ನೋಡುಗರಿಗೆ ಕಾಣುವ ಚಿತ್ರವೇ ನಿಮಗೂ ಸಿಗೋದು. ಹಾಗಾಗಿ ಅದೇ ಚಿತ್ರದಲ್ಲಿ ಅವರಿಗಿಂತ ಜಾಸ್ತಿ ಕಾಣೋಕೆ ಕಲಿಯಬೇಕು.

ಕಬಡ್ಡಿಯಲ್ಲಿ ಇದು ಇನ್ನೂ ಕಷ್ಟ, ಇನ್ನೂ ಸೊಗಸು. ಒಂದು ರೈಡ್‌ಗೆ 30 ಸೆಕೆಂಡು. ಎಲ್ಲರ ಕಣ್ಣು ರೈಡರ್ ಮೇಲೆ. ನಿಮ್ಮ ಕಣ್ಣು ಮೊದಲು ಎಣಿಸಬೇಕು: ಮ್ಯಾಟ್ ಮೇಲೆ ಡಿಫೆಂಡರುಗಳು ಎಷ್ಟು? ಆರು ಅಥವಾ ಏಳು ಇದ್ದರೆ ಬೋನಸ್ ಗೆರೆ ತೆರೆದಿದೆ, ರೈಡರ್ ಅದನ್ನು ದಾಟಿದರೆ ಒಂದು ಪಾಯಿಂಟ್. ಮೂರು ಅಥವಾ ಅದಕ್ಕೂ ಕಡಿಮೆ ಇದ್ದು ರೈಡರ್ ಸಿಕ್ಕಿಬಿದ್ದರೆ ಅದು ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಹಿಂದಿನ ಎರಡು ರೈಡ್ ಖಾಲಿ ಹೋಗಿದೆಯಾ? ಹಾಗಾದರೆ ಪ್ರೊ ಕಬಡ್ಡಿಯಲ್ಲಿ ಇದು ಡೂ ಆರ್ ಡೈ, ರೈಡರ್ ಬರಿಗೈಲಿ ವಾಪಸ್ ಬಂದರೆ ಔಟ್. ಆಮೇಲೆ ಕಾರ್ನರಿನಲ್ಲಿ ನಿಂತವರ ಕಾಲು ನೋಡಿ. ಹಿಮ್ಮಡಿ ಎದ್ದಿದೆಯಾ, ಭಾರ ಮುಂಗಾಲಿಗೆ ಬಂದಿದೆಯಾ? ಹಾರಿ ಕಾಲು ಹಿಡಿಯುವ ಮನುಷ್ಯ ಅದಕ್ಕೆ ಅರ್ಧ ಸೆಕೆಂಡು ಮುಂಚೆ ಹಾಗೇ ನಿಲ್ಲುತ್ತಾನೆ. ನಾನು ಇದನ್ನು ಕಲಿತದ್ದು ಒಬ್ಬ ಹಳೇ ಕೋಚ್ ಪಕ್ಕ ಕೂತು. ಅವರು ಪಂದ್ಯ ಪೂರ್ತಿ ರೈಡರ್ ಮುಖವನ್ನೇ ನೋಡುತ್ತಿರಲಿಲ್ಲ, ಬರೀ ಎಡ ಕಾರ್ನರಿನ ಪಾದ ನೋಡುತ್ತಾ "ಈಗ ಹೋಗ್ತಾನೆ" ಅನ್ನುತ್ತಿದ್ದರು. ಅವನು ಹೋಗುತ್ತಿದ್ದ.

ಕಂಡದ್ದನ್ನು ಮುಂಚೆಯೇ ಹೇಳಬೇಕು ಅನ್ನೋದು ಇದರ ಇನ್ನೊಂದು ಅರ್ಧ. ರೈಡ್ ಶುರುವಾಗುವಾಗಲೇ "ಮ್ಯಾಟ್ ಮೇಲೆ ಮೂವರೇ, ಹಿಡಿದರೆ ಎರಡು ಪಾಯಿಂಟ್" ಅಂದರೆ ಮುಂದಿನ 30 ಸೆಕೆಂಡು ಮನೆಯವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಹಿಡಿದಾದ ಮೇಲೆ "ಸೂಪರ್ ಟ್ಯಾಕಲ್, ಎರಡು ಪಾಯಿಂಟ್" ಅಂದರೆ ಅದು ಸ್ಕೋರ್ ಬೋರ್ಡ್ ಓದಿದ ಹಾಗೆ, ಅಷ್ಟೇ.

ಎರಡನೆಯದು: ರೇಡಿಯೋ ಅಭ್ಯಾಸ ಬಿಡಿಸಿಕೊಳ್ಳಿ

ನಮ್ಮಲ್ಲಿ ಕಾಮೆಂಟರಿ ಅಂದರೆ ಕಿವಿಗೆ ಬರೋದು ಆಕಾಶವಾಣಿಯ ಮೈಸೂರು ದಸರಾ ವೀಕ್ಷಕ ವಿವರಣೆ. ಟಿವಿ ಇಲ್ಲದ ಕಾಲದಲ್ಲಿ ಜಂಬೂಸವಾರಿ ಮನೆಮನೆಗೆ ತಲುಪಿದ್ದು ಆ ಮಾತಿನಿಂದಲೇ. ಆನೆಯ ನಡಿಗೆ, ಅಂಬಾರಿಯ ಹೊಳಪು, ಬೀದಿಯ ಜನ, ಎಲ್ಲವನ್ನೂ ಬಾಯಲ್ಲೇ ಕಟ್ಟಿಕೊಡಬೇಕಿತ್ತು. ಅದು ದೊಡ್ಡ ವಿದ್ಯೆ, ಅದರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಅದನ್ನೇ ಟಿವಿಗೆ ತಂದರೆ ಮನೆಯವರಿಗೆ ತಲೆನೋವು. ಚೆಂಡು ಬೌಂಡರಿ ದಾಟಿದ್ದು ಅವರಿಗೇ ಕಂಡಿದೆ. ದಾಟಿದ್ದು ಯಾಕೆ ಅನ್ನೋದು ಕಂಡಿಲ್ಲ.

ಆಸ್ಟ್ರೇಲಿಯಾದ ರಿಚಿ ಬೆನೋ ಹೆಸರು ಕೇಳಿರುತ್ತೀರಿ. 63 ಟೆಸ್ಟ್ ಆಡಿ 248 ವಿಕೆಟ್ ತೆಗೆದ ಲೆಗ್ ಸ್ಪಿನ್ನರ್, ಕ್ಯಾಪ್ಟನ್ ಬೇರೆ. ಅವರು ಕಾಮೆಂಟರಿಗೆ ಸುಮ್ನೆ ಬಂದು ಕೂತವರಲ್ಲ. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ, ಇನ್ನೂ ಆಟಗಾರನಾಗಿರುವಾಗಲೇ, ಲಂಡನ್ನಿನಲ್ಲಿ ಉಳಿದು ಬಿಬಿಸಿಯಲ್ಲಿ ತರಬೇತಿ ಪಡೆದರು. ಪರದೆಯ ಮೇಲಿನ ಚಿತ್ರಕ್ಕೆ ಏನಾದರೂ ಸೇರಿಸೋಕೆ ಆಗುವುದಾದರೆ ಮಾತಾಡು, ಇಲ್ಲದಿದ್ದರೆ ಸುಮ್ಮನಿರು ಅನ್ನೋದು ಅವರು ಜೀವನಪೂರ್ತಿ ಪಾಲಿಸಿದ ನಿಯಮ. 2005ರ ಸೆಪ್ಟೆಂಬರ್ 12ರಂದು ಓವಲ್‌ನಲ್ಲಿ ಆ್ಯಶಸ್ ಸರಣಿಯ ಕೊನೆಯ ದಿನ. ಇಂಗ್ಲೆಂಡಿನ ಟಿವಿಯಲ್ಲಿ ಬೆನೋ ಅವರ ಕೊನೆಯ ಕಾಮೆಂಟರಿ. ಅವರು ನೋಡುಗರಿಗೆ ವಿದಾಯ ಹೇಳುತ್ತಿದ್ದರು. ಮಾತಿನ ಮಧ್ಯೆ ಮೆಗ್ರಾತ್ 158 ರನ್ ಹೊಡೆದಿದ್ದ ಪೀಟರ್ಸನ್‌ರನ್ನು ಬೌಲ್ಡ್ ಮಾಡಿದರು. ಬೆನೋ ತಮ್ಮ ವಿದಾಯವನ್ನು ಅಲ್ಲೇ ಬಿಟ್ಟು ಆ ವಿಕೆಟ್ ಹೇಳಿದರು. ಸ್ವಂತ ಬೀಳ್ಕೊಡುಗೆಯ ಹೊತ್ತಿನಲ್ಲೂ ಅವರ ಕಣ್ಣು ಪಿಚ್ ಮೇಲೇ ಇತ್ತು. ಆ ತುಣುಕು ಸಿಕ್ಕರೆ ಹುಡುಕಿ ನೋಡಿ, ಎರಡು ಮೂರು ಸಲ ನೋಡಿ.

ಅಭ್ಯಾಸ ಹೀಗೆ ಮಾಡಿ. ಒಂದು ಓವರ್‌ಗೆ ನಿಮ್ಮ ಕಾಮೆಂಟರಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮರುದಿನ ಅದೇ ಓವರ್ ಹಾಕಿಕೊಂಡು ಕೇಳಿ. ಪರದೆಯಲ್ಲಿ ಕಂಡದ್ದನ್ನೇ ಹೇಳಿದ ಪ್ರತಿ ವಾಕ್ಯಕ್ಕೆ ಒಂದು ಗೆರೆ ಎಳೆಯಿರಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಉಳಿದದ್ದು ಎರಡೇ ವಾಕ್ಯ. ಬೇಜಾರಾಯಿತು. ಆದರೆ ಆ ಎರಡು ವಾಕ್ಯ ಯಾವುವು ಅಂತ ನೋಡಿದ್ದರಿಂದಲೇ ಮುಂದಿನ ದಾರಿ ಸಿಕ್ಕಿತು.

ಹೆಸರು, ನಂಬರು, ಒಂದು ಹಾಳೆ

ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು. ಒಂದು ಜಿಲ್ಲಾ ಮಟ್ಟದ ಕಬಡ್ಡಿ ಟೂರ್ನಿ. ಸಂಘಟಕರು ಕೊಟ್ಟ ಪಟ್ಟಿ ನಂಬಿಕೊಂಡು ಮೈಕ್ ಹಿಡಿದೆ. ಪಟ್ಟಿ ಬರೆದ ಮೇಲೆ ಇಬ್ಬರು ಹುಡುಗರು ಜೆರ್ಸಿ ಬದಲಾಯಿಸಿಕೊಂಡಿದ್ದರು, ಅದು ನನಗೆ ಗೊತ್ತಿರಲಿಲ್ಲ. ಮೊದಲರ್ಧ ಪೂರ್ತಿ ಒಬ್ಬ ಹುಡುಗನ ಒಳ್ಳೊಳ್ಳೆ ರೈಡುಗಳನ್ನೆಲ್ಲ ಇನ್ನೊಬ್ಬನ ಹೆಸರಿಗೆ ಹಾಕಿಬಿಟ್ಟೆ. ವಿರಾಮದಲ್ಲಿ ಪಂಚೆ ಉಟ್ಟ ಒಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಸಾರ್, ಆ ಏಳು ನಂಬರು ನಮ್ಮ ಹುಡುಗ. ಮನೇಲಿ ಅವನ ಅಜ್ಜಿ ಟಿವಿ ನೋಡ್ತಾ ಇದಾಳೆ." ಜಗಳ ಮಾಡಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮೆಲ್ಲಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಎರಡನೇ ಅರ್ಧ ಶುರುವಾದ ತಕ್ಷಣ ತಪ್ಪಾಯಿತು ಅಂತ ಹೇಳಿ, ಅವನ ಹೆಸರು ಸರಿಯಾಗಿ ಹೇಳಿ, ಅವನು ಗಳಿಸಿದ ಪಾಯಿಂಟುಗಳನ್ನೆಲ್ಲ ಒಂದೊಂದಾಗಿ ಮತ್ತೆ ಹೇಳಿದೆ.

ಅಂದಿನಿಂದ ಪಂದ್ಯಕ್ಕೆ ಒಂದು ಗಂಟೆ ಮುಂಚೆ ಎರಡೂ ತಂಡದ ಹತ್ತಿರ ನಾನೇ ಹೋಗುತ್ತೇನೆ. ಪ್ರತಿಯೊಬ್ಬರ ಬಾಯಿಂದಲೇ ಹೆಸರು ಹೇಳಿಸುತ್ತೇನೆ. ಕೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಈ ವಿಷಯದಲ್ಲಿ ನಮ್ಮ ಲಿಪಿ ದೊಡ್ಡ ಅನುಕೂಲ, ಅದನ್ನು ಬಳಸಿಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದಿದರೆ ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಫಾಫ್ ಹೆಸರಿನ ಕೊನೆಗೆ "ಸ್" ಸೇರಿಸಿ ಪ್ಲೆಸಿಸ್ ಅಂತೀರಿ. ಕೇಳಿ ಕನ್ನಡದಲ್ಲಿ "ಡು ಪ್ಲೆಸಿ" ಅಂತ ಬರೆದುಕೊಂಡರೆ ತಪ್ಪೋದೇ ಇಲ್ಲ. ದೊಡ್ಡ ಪಂದ್ಯಗಳಿಗೆ ಆಟಗಾರರೇ ತಮ್ಮ ಹೆಸರು ಹೇಳಿಕೊಂಡಿರುವ ವಿಡಿಯೋ ಹುಡುಕಿ.

ಅಂಕಿಅಂಶ ಒಂದು ಹಾಳೆಯಲ್ಲಿ ಹಿಡಿಸುವಷ್ಟು ಇರಲಿ. ನೂರು ಬರೆದುಕೊಂಡರೂ ಪಂದ್ಯದಲ್ಲಿ ಬಳಸೋದು ನಾಲ್ಕೋ ಐದೋ. ಉಳಿದದ್ದನ್ನು ಮಡಚಿ ಜೇಬಿಗೆ ಹಾಕಿಕೊಳ್ಳೋಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ರಾತ್ರಿ ಕೂತು ಹುಡುಕಿದ್ದು ಅಂತ ತುರುಕಬಾರದು.

ಕನ್ನಡದಲ್ಲಿ ಹೇಳೋದು: ಇಲ್ಲಿ ಸ್ವಲ್ಪ ನಿಧಾನ ಮಾಡೋಣ

ಇದರ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಡಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆಯುವಾಗ ತೊಂದರೆ ಇಲ್ಲ. ಆದರೆ ಚೆಂಡು ಗಾಳಿಯಲ್ಲಿದೆ, ನೀವು "ಮಧ್ಯದ ಓವರುಗಳಲ್ಲಿ ಚೆನ್ನಾಗಿ ಆಡುತ್ತಿದ್ದ ರಾಹುಲ್ ಅವರು ಚೆಂಡನ್ನು ಲಾಂಗ್ ಆನ್ ಮೇಲಿಂದ..." ಅಂತ ಶುರು ಮಾಡಿದರೆ "ಎತ್ತಿದರು" ಅನ್ನೋ ಹೊತ್ತಿಗೆ ಕ್ಯಾಚೂ ಆಗಿ, ಫೀಲ್ಡರುಗಳು ಕೈ ತಟ್ಟಿಕೊಂಡೂ ಆಗಿರುತ್ತದೆ. ಹಾಗಾಗಿ ಲೈವ್‌ನಲ್ಲಿ ವಾಕ್ಯವನ್ನು ಮುರಿಯಬೇಕು, ಕ್ರಿಯಾಪದವನ್ನು ಮುಂದಕ್ಕೆ ತರಬೇಕು. "ಎತ್ತಿದರು... ಲಾಂಗ್ ಆನ್ ಕಡೆ... ಕೆಳಗೆ ಒಬ್ಬರಿದ್ದಾರೆ..." ಅಷ್ಟೇ. ನಾವು ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾತಾಡೋದೂ ಹೀಗೇ ಅಲ್ವಾ? "ಬಂತು ನೋಡು ಬಸ್ಸು" ಅಂತೀವಿ, "ಬಸ್ಸು ಬಂದಿತು ನೋಡು" ಅನ್ನಲ್ಲ. ಪೂರ್ತಿ ವಾಕ್ಯಗಳು ರಿಪ್ಲೇಗೆ ಇರಲಿ, ಆಗ ಸಮಯ ಇರುತ್ತದೆ.

ಮುಂದಿನದು ಪದಗಳು. ಹುದ್ದರಿ (ವಿಕೆಟ್), ದಾಂಡಿಗ (ಬ್ಯಾಟರ್), ಗೂಟರಕ್ಷಕ (ಕೀಪರ್) ಅನ್ನೋ ಪದಗಳನ್ನು ಪತ್ರಿಕೆಯಲ್ಲಿ ಓದಿ ಬೆಳೆದವನು ನಾನು, ಅವು ನನಗೆ ಇಷ್ಟ. ಆದರೆ ಕೊಪ್ಪಳದ ಮೈದಾನದಲ್ಲಿ ಆಡುವ ಹುಡುಗ "ವಿಕೆಟ್ ಬಿತ್ತು" ಅಂತಾನೆ, ಪುತ್ತೂರಿನವನೂ ಹಾಗೇ ಅಂತಾನೆ. ವಿಕೆಟ್ ಈಗ ಕನ್ನಡದ ಪದವೇ. ಹೆಸರುಪದಗಳಿಗೆ ಜಗಳ ಮಾಡಬೇಡಿ. ಕನ್ನಡದ ಶಕ್ತಿ ಇರೋದು ಕ್ರಿಯಾಪದದಲ್ಲಿ. ಬ್ಯಾಟು ಚೆಂಡಿಗೆ ತಾಗುವ ರೀತಿ ಎಷ್ಟಿದೆಯೋ ಅಷ್ಟು ಪದ ನಮ್ಮಲ್ಲಿ ಬಿದ್ದಿದೆ: ತಳ್ಳಿದರು, ತಟ್ಟಿದರು, ತಿರುವಿದರು, ಸವರಿದರು, ಜಾರಿಸಿದರು, ಕೊಚ್ಚಿದರು, ಬಾರಿಸಿದರು, ಚಚ್ಚಿದರು, ಮುಟ್ಟಿಸಿ ಓಡಿದರು. "ಸವರಿದರು" ಅಂದರೆ ಥರ್ಡ್ ಮ್ಯಾನ್ ಕಡೆ ಹೋದ ಆ ಮೆದು ಹೊಡೆತ ಕಣ್ಣಿಗೆ ಕಟ್ಟುತ್ತದೆ. ಎಲ್ಲದಕ್ಕೂ "ಅದ್ಭುತ ಹೊಡೆತ" ಅಂದರೆ ಒಂದೂ ಕಟ್ಟಲ್ಲ. ಕಬಡ್ಡಿಗೆ ಬಂದರೆ ಇನ್ನೂ ಸಮೃದ್ಧಿ: ನುಸುಳಿದರು, ಚಿಮ್ಮಿದರು, ಅಮುಕಿದರು, ಕಾಲಿಗೆ ಬಿದ್ದು ಹಿಡಿದರು, ಸೊಂಟ ತಬ್ಬಿದರು, ಕೈ ಚಾಚಿ ಗೆರೆ ಮುಟ್ಟಿದರು. ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ನಿಮ್ಮ ಅಜ್ಜಿ, ನಿಮ್ಮ ಊರಿನ ಗದ್ದೆ ಕೆಲಸದವರು ಬಳಸುವ ಕ್ರಿಯಾಪದಗಳನ್ನು ಅದಕ್ಕೆ ಸೇರಿಸುತ್ತಾ ಹೋಗಿ.

ಬಹುವಚನ ಬಿಡಬೇಡಿ. "ಹೊಡೆದ" ಅನ್ನೋದು ಗೆಳೆಯರ ನಡುವೆ ಸರಿ, ಪರದೆಯ ಮೇಲೆ 19 ವರ್ಷದ ಹೊಸ ಹುಡುಗನಿಗೂ "ಹೊಡೆದರು" ಅನ್ನಿ, ಎದುರಾಳಿಗೂ ಅನ್ನಿ. ಇದರಿಂದ ಇನ್ನೊಂದು ಅನುಕೂಲ ಇದೆ, ಮಹಿಳಾ ಪಂದ್ಯಕ್ಕೆ ಬೇರೆ ಭಾಷೆ ಹುಡುಕಬೇಕಾಗಿಲ್ಲ. 2021ರಲ್ಲಿ ಕ್ರಿಕೆಟ್ ನಿಯಮಗಳಲ್ಲೇ ಬ್ಯಾಟ್ಸ್‌ಮನ್ ಹೋಗಿ ಬ್ಯಾಟರ್ ಬಂತು. 2024ರ ಮಾರ್ಚ್ 17ರಂದು ಡೆಲ್ಲಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಶ್ರೇಯಾಂಕ ಪಾಟೀಲ್ 12 ರನ್ನಿಗೆ 4 ವಿಕೆಟ್ ತೆಗೆದಾಗ ಹೇಳಬೇಕಾಗಿದ್ದದ್ದು "ಹುಡುಗಿಯಾದರೂ ಎಷ್ಟು ಚೆನ್ನಾಗಿ" ಅಂತ ಅಲ್ಲ. ಚೆಂಡು ಎಲ್ಲಿ ಬಿತ್ತು, ಬ್ಯಾಟರ್ ಯಾಕೆ ಮೋಸ ಹೋದರು, ಅಷ್ಟೇ ಹೇಳಬೇಕಿತ್ತು.

ನಿಮ್ಮ ಊರಿನ ಮಾತು? ಹುಬ್ಬಳ್ಳಿಯವರಾದರೆ ಹುಬ್ಬಳ್ಳಿಯ ಲಯ ಇರಲಿ, ಮುಚ್ಚಿಡಬೇಡಿ. ಹಾಗಂತ ಬೆಂಗಳೂರಿನವರು ಉತ್ತರ ಕರ್ನಾಟಕದ ಮಾತನ್ನು ಎರವಲು ತಂದು ಆಡೋದು ಬೇಡ, ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ.

ಸಿನಿಮಾ ಡೈಲಾಗು, ಗಾದೆ, ಪ್ರಾಸ ಮೊದಲೇ ಬರೆದಿಟ್ಟುಕೊಂಡು ಬರುವವರನ್ನು ನೋಡಿದ್ದೇನೆ. ಸಂದರ್ಭ ಬರೋ ತನಕ ಆ ಸಾಲೇ ತಲೆಯಲ್ಲಿ ಕುಣಿಯುತ್ತಿರುತ್ತದೆ, ಕಣ್ಣು ಕೆಲಸ ನಿಲ್ಲಿಸುತ್ತದೆ. ಜನ ನೆನಪಿಟ್ಟುಕೊಂಡ ಸಾಲುಗಳು ತುಂಬಾ ಚಿಕ್ಕವು. 2016ರ ಏಪ್ರಿಲ್ 3ರಂದು ಈಡನ್ ಗಾರ್ಡನ್ಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರಿಗೆ 19 ರನ್ ಬೇಕಿದ್ದಾಗ ವೆಸ್ಟ್ ಇಂಡೀಸ್‌ನ ಕಾರ್ಲೋಸ್ ಬ್ರಾತ್‌ವೇಟ್ ಬೆನ್ ಸ್ಟೋಕ್ಸ್‌ಗೆ ಸಾಲಾಗಿ ನಾಲ್ಕು ಸಿಕ್ಸ್ ಬಾರಿಸಿದರು. ಕಾಮೆಂಟರಿ ಹೇಳುತ್ತಿದ್ದ ಇಯಾನ್ ಬಿಷಪ್, ಬ್ರಾತ್‌ವೇಟ್ ಹೆಸರು ಕೂಗಿ, ಈ ಹೆಸರು ನೆನಪಿಟ್ಟುಕೊಳ್ಳಿ ಅಂದರು. ಅಷ್ಟೇ. ಅಲ್ಲಿಯ ತನಕ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಆಟಗಾರ ಅನ್ನೋದನ್ನು ಬಿಷಪ್ ಕಂಡಿದ್ದರು, ಆ ಸಾಲು ಹುಟ್ಟಿದ್ದು ಅದರಿಂದ.

ಪಕ್ಕದ ಕುರ್ಚಿ

ಕಾಮೆಂಟರಿ ಬಾಕ್ಸಿನಲ್ಲಿ ಸಾಮಾನ್ಯವಾಗಿ ಇಬ್ಬರು. ಒಬ್ಬರು ಆಟ ನಡೆಸುವವರು, ಇನ್ನೊಬ್ಬರು ಹೆಚ್ಚಾಗಿ ಮಾಜಿ ಆಟಗಾರರು. ಕನ್ನಡದಲ್ಲಿ ವಿಜಯ್ ಭಾರದ್ವಾಜ್ ಅವರಂಥವರು ಕೂರುತ್ತಾರೆ. ಏನಾಯಿತು ಅನ್ನೋದು ನಿಮ್ಮದು, ಯಾಕಾಯಿತು ಅನ್ನೋದು ಅವರದು. ಒಂದು ಉದಾಹರಣೆ ಕೊಡುತ್ತೇನೆ. 1999ರ ಫೆಬ್ರವರಿ 7, ಡೆಲ್ಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿವೆ, ಒಂಬತ್ತೂ ಕುಂಬ್ಳೆಗೆ. ಇನ್ನೊಂದು ತುದಿಯಿಂದ ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕುತ್ತಿದ್ದಾರೆ. ಆಟ ಗೊತ್ತಿಲ್ಲದವರಿಗೆ ಅದು ಕೆಟ್ಟ ಬೌಲಿಂಗ್. ನೀವು ಪಕ್ಕದವರನ್ನು "ಶ್ರೀನಾಥ್ ಯಾಕೆ ಹೀಗೆ ಹಾಕ್ತಾ ಇದಾರೆ?" ಅಂತ ಕೇಳಿದರೆ ಸಾಕು, ಗೆಳೆಯನಿಗೆ ಹತ್ತನೇ ವಿಕೆಟ್ ಸಿಗಲಿ ಅಂತ ಒಬ್ಬ ವೇಗದ ಬೌಲರ್ ತನ್ನ ವಿಕೆಟ್ ಬಿಟ್ಟುಕೊಡುತ್ತಿರುವ ಕಥೆ ಅವರು ಹೇಳುತ್ತಾರೆ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಕ್ಯಾಚನ್ನು ಲಕ್ಷ್ಮಣ್ ಶಾರ್ಟ್ ಲೆಗ್‌ನಲ್ಲಿ ಹಿಡಿದಾಗ ನೋಡುಗರಿಗೆ 74 ರನ್ನಿಗೆ 10 ವಿಕೆಟ್ ಅನ್ನೋ ಆ ಲೆಕ್ಕದ ಜೊತೆ ಶ್ರೀನಾಥ್ ಮುಖವೂ ನೆನಪಿರುತ್ತದೆ. ಉತ್ತರ ನಿಮಗೆ ಗೊತ್ತಿದ್ದರೂ ಕೇಳಿ. ಅವರು ಹೇಳಿದರೆ ತೂಕ ಬೇರೆ.

ಬೌಲರ್ ಓಟ ಶುರು ಮಾಡಿದ ತಕ್ಷಣ ಪಕ್ಕದವರು ನಿಲ್ಲಿಸಬೇಕು, ನೀವು ತೆಗೆದುಕೊಳ್ಳಬೇಕು. ಕೈ ಮೇಲೆ ಮೆಲ್ಲಗೆ ತಟ್ಟೋದು, ಬೆರಳು ಎತ್ತೋದು, ಏನಾದರೂ ಒಂದು ಸಂಜ್ಞೆ ಮೊದಲೇ ಮಾತಾಡಿಕೊಳ್ಳಿ. ನೀವು ದೊಡ್ಡ ಮಟ್ಟದಲ್ಲಿ ಆಡಿಲ್ಲ ಅಂತ ಹಿಂಜರಿಯಬೇಡಿ. ಹೆಸರಾಂತ ಕಾಮೆಂಟೇಟರ್ ಹರ್ಷ ಭೋಗ್ಲೆ ಕೆಮಿಕಲ್ ಇಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂನಲ್ಲಿ ಓದಿದವರು. ಶುರು ಮಾಡಿದ್ದು ಹೈದರಾಬಾದ್ ಆಕಾಶವಾಣಿಯಿಂದ.

ಕಿವಿಯಲ್ಲಿ ಇನ್ನೊಂದು ಧ್ವನಿ

ಹೆಡ್‌ಸೆಟ್ ಹಾಕಿದ ಮೇಲೆ ಕಿವಿಯಲ್ಲಿ ನಿರ್ಮಾಪಕರು ಮಾತಾಡುತ್ತಲೇ ಇರುತ್ತಾರೆ. ಮುಂದೆ ರಿಪ್ಲೇ ಇದೆ, ಜಾಹೀರಾತಿಗೆ ಹತ್ತು ಸೆಕೆಂಡು, ಒಂಬತ್ತು, ಎಂಟು. ನೀವು ಮಾತಾಡುತ್ತಾ ಕೇಳಬೇಕು, ಸೊನ್ನೆಗೆ ಸರಿಯಾಗಿ ವಾಕ್ಯ ಮುಗಿಸಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಒಂದು ಇಯರ್‌ಫೋನ್ ಸಾಕು. ಗೆಳೆಯನಿಗೆ ಫೋನ್ ಮಾಡಿ, ನೀವು ಆಟದ ಬಗ್ಗೆ ಮಾತಾಡುತ್ತಿರುವಾಗ ಅವನು ಹತ್ತರಿಂದ ಕೆಳಗೆ ಎಣಿಸಲಿ. ಮೊದಲ ವಾರ ಮಾತು ತಡವರಿಸುತ್ತದೆ. ಎರಡು ಮೂರು ವಾರದಲ್ಲಿ ಬರುತ್ತದೆ. ಕೆಮ್ಮು ಬಂದರೆ ಮೈಕ್ ಮುಚ್ಚುವ ಒಂದು ಬಟನ್ ಇರುತ್ತದೆ, ಕೂತ ತಕ್ಷಣ ಅದು ಎಲ್ಲಿದೆ ಅಂತ ಕೈಯಿಂದ ಮುಟ್ಟಿ ನೋಡಿಕೊಳ್ಳಿ.

ಗಂಟಲಿಗೆ ಬಿಸಿನೀರು, ಸಾಕಷ್ಟು ನಿದ್ದೆ. ಮೊದಲ ಓವರಿಗೇ ಪೂರ್ತಿ ಎತ್ತರಕ್ಕೆ ಹೋಗಬೇಡಿ, ಕೊನೆಯ ಓವರಿಗೆ ಮೇಲೆ ಹೋಗೋಕೆ ಜಾಗ ಬೇಕು. ಧ್ವನಿಯ ಬಗ್ಗೆ ನನಗೆ ಹೇಳೋಕೆ ಇರೋದು ಇಷ್ಟೇ.

ಸುಮ್ಮನಿರುವ ಅಭ್ಯಾಸ, ಸೋತ ದಿನದ ಅಭ್ಯಾಸ

ವಿಕೆಟ್ ಬಿತ್ತು. ಒಂದು ಮಾತು ಹೇಳಿ. ಆಮೇಲೆ ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಚಿನ್ನಸ್ವಾಮಿಯ ಕೂಗನ್ನು ಮನೆಯವರು ಕೇಳಲಿ. ಸ್ಟುಡಿಯೋದಲ್ಲಿದ್ದರೂ ಆ ಸದ್ದು ನಿಮ್ಮ ಹೆಡ್‌ಫೋನಿನಲ್ಲಿ ಬರುತ್ತದೆ, ಅದನ್ನು ನೀವೂ ಕೇಳಿ. ಆಟಗಾರ ಗಾಯಗೊಂಡು ಬಿದ್ದರೆ ಧ್ವನಿ ಇಳಿಸಿ, ಏನಾಗಿರಬಹುದು ಅಂತ ಊಹೆ ಮಾಡಬೇಡಿ. ಡಿಆರ್‌ಎಸ್‌ನಲ್ಲಿ (ಅಂಪೈರ್ ತೀರ್ಪನ್ನು ರಿಪ್ಲೇ ನೋಡಿ ಮರುಪರಿಶೀಲಿಸುವಾಗ) ತೀರ್ಪು ಬರೋ ಮುಂಚೆ ಔಟ್ ಅಂತ ಕೂಗಬೇಡಿ. ಅದರ ಬದಲು ಏನು ನೋಡಬೇಕು ಅಂತ ಹೇಳಿಕೊಡಿ: ಚೆಂಡು ಲೆಗ್ ಸ್ಟಂಪಿನ ಹೊರಗೆ ಬಿದ್ದಿದ್ದರೆ ಮುಂದಿನದು ನೋಡಬೇಕಾಗಿಯೇ ಇಲ್ಲ, ಎಲ್‌ಬಿಡಬ್ಲ್ಯೂ ಆಗಲ್ಲ.

ನಮ್ಮ ತಂಡ ಸೋಲುತ್ತಿರುವಾಗ ನಿಮ್ಮ ನಿಜವಾದ ಪರೀಕ್ಷೆ. 2025ರ ಏಪ್ರಿಲ್ 10, ಚಿನ್ನಸ್ವಾಮಿ. ಎದುರಾಳಿ ಡೆಲ್ಲಿ. 53 ಎಸೆತಕ್ಕೆ 93 ಹೊಡೆದು, ಔಟಾಗದೆ, ಆರ್‌ಸಿಬಿಯನ್ನು ಸೋಲಿಸಿದ್ದು ಯಾರು? ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರು ಕಡೆ ಬೆಳೆದ ಕೆ. ಎಲ್. ರಾಹುಲ್. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಮಧ್ಯಕ್ಕೆ ಬ್ಯಾಟು ಊರಿ, ಇದು ನನ್ನ ಮೈದಾನ ಅಂತ ತೋರಿಸಿದರು. ಕನ್ನಡದಲ್ಲಿ ನೋಡುತ್ತಿರುವವರಿಗೆ ಅದು ನೋವು, ಅದೇ ಹೊತ್ತಿಗೆ ಹೆಮ್ಮೆ. ಎರಡನ್ನೂ ಒಂದೇ ಧ್ವನಿಯಲ್ಲಿ ಹಿಡಿಯಬೇಕು. ಆರ್‌ಸಿಬಿ ಸೋತ ಬೇಜಾರಿನಲ್ಲಿ ಆ ಇನಿಂಗ್ಸನ್ನು ಸಪ್ಪೆ ಮಾಡಿ ಹೇಳಿದರೆ ಒಂದು ಒಳ್ಳೆಯ ಆಟಕ್ಕೆ ಅನ್ಯಾಯ. ಸಿಕ್ಕರೆ ಆ ಪಂದ್ಯದ ಕೊನೆಯ ಐದು ಓವರಿಗೆ ನಿಮ್ಮದೇ ಕಾಮೆಂಟರಿ ಮಾಡಿ ನೋಡಿ. ನಾನು ಯಾರಿಗೇ ಕಲಿಸುವಾಗಲೂ ಇದನ್ನು ಮಾಡಿಸುತ್ತೇನೆ.

ಒಳಗೆ ಹೋಗೋ ದಾರಿ

ಊರಿನ ಟೂರ್ನಿಗಳಿಂದ ಶುರು ಮಾಡಿ. ಕರಾವಳಿಯಲ್ಲಿ ಕಂಬಳ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಎಲ್ಲವೂ ಯೂಟ್ಯೂಬ್ ಲೈವ್ ಬರುತ್ತಿವೆ, ಬಯಲುಸೀಮೆಯಲ್ಲಿ ಕಬಡ್ಡಿ. ಅವರಿಗೆ ಮಾತಾಡುವವರು ಯಾವಾಗಲೂ ಬೇಕು. ಮೊದಲು ದುಡ್ಡು ಸಿಗಲ್ಲ ಅಥವಾ ಬಸ್ ಚಾರ್ಜ್ ಸಿಗುತ್ತದೆ. ಒಂದು ವರ್ಷ ಅಲ್ಲಿ ಕಣ್ಣು ಪಳಗಿಸಿ.

ಆಮೇಲೆ ಚಾನೆಲ್ಲಿಗೆ ಕಳಿಸೋಕೆ ಒಂದು ಸ್ಯಾಂಪಲ್. ಮೂರು ನಿಮಿಷ ಸಾಕು. ಎಲ್ಲರೂ ಸಿಕ್ಸರು, ಕೊನೆಯ ಓವರು, ಕೂಗಾಟ ಕಳಿಸುತ್ತಾರೆ. ನೀವು ಒಂದು ಸಾದಾ ಓವರ್ ಕಳಿಸಿ. ಹದಿಮೂರನೇ ಓವರು, ಸಿಂಗಲ್ ಸಿಂಗಲ್ ಬರುತ್ತಿದೆ, ಏನೂ ಆಗುತ್ತಿಲ್ಲ ಅನ್ನಿಸುವ ಓವರು. ಅಲ್ಲಿ ಫೀಲ್ಡ್ ಹೇಗೆ ಬದಲಾಗುತ್ತಿದೆ, ಬೌಲರ್ ಏನು ಹೊಂಚು ಹಾಕುತ್ತಿದ್ದಾರೆ ಅಂತ ನಿಮಗೆ ಹೇಳೋಕೆ ಬಂದರೆ ಕೇಳುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅದರ ಜೊತೆ ಒಂದು ವಿಕೆಟ್, ಒಂದು ರಿಪ್ಲೇ ವಿವರಣೆ. ಟಿವಿ ದೃಶ್ಯಗಳ ಹಕ್ಕು ಚಾನೆಲ್‌ನದು, ಅವನ್ನು ನಿಮ್ಮ ಯೂಟ್ಯೂಬಿಗೆ ಹಾಕಬೇಡಿ. ಆಡಿಯೋ ಮಾತ್ರ ಕಳಿಸಿ, ಯಾವ ಪಂದ್ಯದ ಯಾವ ಓವರ್ ಅಂತ ಬರೆಯಿರಿ.

ಮತ್ತೆ, ಇವತ್ತು ರಾತ್ರಿಯ ಮೊದಲ ರೆಕಾರ್ಡಿಂಗ್ ಅಳಿಸಬೇಡಿ. ಫೈಲಿಗೆ ತಾರೀಕು ಹಾಕಿಡಿ. ಆರು ತಿಂಗಳು ಬಿಟ್ಟು ಪೆನ್ಸಿಲ್ಲು ಹಿಡಿದುಕೊಂಡು ಅದನ್ನೇ ಮತ್ತೆ ಕೇಳಬೇಕು.